ಕಿವಿ ಮೇಷ್ಟ್ರ ತಟ್ಟೆ

ಆ ಮನೆಗೆ ನೀರು ಬಂದ ಸುದ್ದಿ ತರುತ್ತಿದ್ದುದು ಒಂದು ಸ್ಟೀಲ್ ತಟ್ಟೆ.

ನಲ್ಲಿಯಲ್ಲಿ ನೀರು ಯಾವಾಗ ಬರುತ್ತದೆಂದು ಬಿಡುವವನಿಗೂ ಸರಿಯಾಗಿ ಗೊತ್ತಿರದ ಬಡಾವಣೆ ಅದು. ಕೆಲವರು ನಲ್ಲಿಯ ಮುಂದೆ ಕಾವಲು ಕೂರುತ್ತಿದ್ದರು. ಕೆಲವರು ಪಕ್ಕದ ಮನೆಯ ಬಕೆಟ್ಟಿನ ಗದ್ದಲ ಕೇಳಿ ಏಳುತ್ತಿದ್ದರು. ಮೊದಲ ಮಹಡಿಯ ಈ ಮನೆಯವರು ಮಾತ್ರ ಅಡುಗೆಮನೆಯ ನಲ್ಲಿಯನ್ನು ಪೂರ್ತಿ ತಿರುಗಿಸಿ ಬಿಟ್ಟು, ಅದರ ಕೆಳಗೆ ಸಿಂಕಿನಲ್ಲಿ ಒಂದು ಬಟ್ಟಲಿನ ಮೇಲೆ ತಟ್ಟೆಯನ್ನು ಮಗುಚಿಟ್ಟು ತಮ್ಮ ಪಾಡಿಗೆ ತಾವು ಇರುತ್ತಿದ್ದರು. ಮೊದಲ ಧಾರೆ ಬಿದ್ದದ್ದೇ ತಡ, ತಟ್ಟೆ ಇಡೀ ಮನೆಗೆ ಕೇಳುವಂತೆ ಬಡಿದುಕೊಳ್ಳುತ್ತಿತ್ತು. ಹತ್ತಿರ ಇದ್ದವರು ಓಡಿ, ತಟ್ಟೆ ಎತ್ತಿ, ಪೈಪು ಸಿಕ್ಕಿಸಿ ಡ್ರಮ್ಮು ತುಂಬಿಸಬೇಕು.

ಈ ಏರ್ಪಾಡು ಮಾವನದು. ಮಾವ ರೈಲ್ವೆಯಲ್ಲಿದ್ದವರು. ಗಾಡಿ ಬಂದು ನಿಂತ ಕೂಡಲೇ ಉದ್ದ ಹಿಡಿಯ ಸುತ್ತಿಗೆಯಿಂದ ಒಂದೊಂದು ಚಕ್ರವನ್ನೂ ಬಡಿದು, ಬರೀ ಸದ್ದಿನ ಮೇಲೆ ಅದರಲ್ಲಿ ಬಿರುಕಿದೆಯೋ ಇಲ್ಲವೋ ಹೇಳುವುದು ಅವರ ಕೆಲಸವಾಗಿತ್ತು. ಗಟ್ಟಿ ಚಕ್ರ ಗಂಟೆಯಂತೆ ಮೊಳಗುತ್ತದೆ. ಬಿರುಕು ಬಿಟ್ಟದ್ದು ಒಡೆದ ಮಡಕೆಯಂತೆ ಟೊಳ್ಳು ದನಿ ಕೊಡುತ್ತದೆ. ಜೊತೆಯವರು ಅವರಿಗೆ ‘ಕಿವಿ ಮೇಷ್ಟ್ರು’ ಎಂದು ಹೆಸರಿಟ್ಟಿದ್ದರು. ನಿವೃತ್ತಿಯ ದಿನ ಆ ಹೆಸರೂ ಸುತ್ತಿಗೆಯೂ ಅವರ ಜೊತೆ ಮನೆಗೆ ಬಂದವು. ಸುತ್ತಿಗೆ ಬಾಗಿಲ ಹಿಂದೆ ನಿಂತಿತು, ಹೆಸರು ಬೀದಿಗೆಲ್ಲ ಹಬ್ಬಿತು.

ಆ ದಿನ ಮಧ್ಯಾಹ್ನ ಸೊಸೆ ತಾನು ಕೆಲಸಕ್ಕಿದ್ದ ಕನ್ನಡಕದ ಅಂಗಡಿಯಲ್ಲಿ ಗಿರಾಕಿಯೊಬ್ಬರ ಮೂಗಿನ ಮೇಲೆ ಫ್ರೇಮು ಕೂರಿಸುತ್ತಿದ್ದಳು. ಫೋನು ಹೊಡೆದುಕೊಂಡಿತು. ಕೆಳಮನೆಯ ಟೈಲರಮ್ಮ.

“ಕನ್ನಡಕದಕ್ಕಾ, ನಿಮ್ಮನೇಲಿ ಯಾರೂ ಇಲ್ವಾ? ನನ್ನ ತಲೆ ಮೇಲೆ ಮಳೆ ಸುರೀತಿದೆ! ಬಾಗಿಲು ಬಡಿದು ಬಡಿದು ಕೈ ಊದ್ಕೊಳ್ತು!”

“ಮಾವ ಇದ್ದಾರಲ್ಲ ಮನೇಲಿ?”

“ಅವರಿದ್ದಾರೋ ಇಲ್ವೋ ನಾ ಕಾಣೆ. ನೀರಂತೂ ಇದೆ. ಓಡಿ ಬನ್ನಿ!”

ಅವಳು ಓಡಿ ಬಂದು ಬಾಗಿಲು ತೆಗೆದಾಗ ಮಾವ ಪಂಚೆ ಎತ್ತಿ ಕಟ್ಟಿ, ಮೊರದಿಂದ ನೀರು ಮೊಗೆದು ಮೊಗೆದು ಬಕೆಟ್ಟಿಗೆ ಹಾಕುತ್ತಿದ್ದರು. ನೆಲದ ಇಳಿಜಾರು ಮಲಗುವ ಕೋಣೆಯ ಕಡೆಗಿದ್ದುದರಿಂದ ನೀರು ಮೊದಲು ಅಲ್ಲಿಗೆ ಹೋಗಿ, ನೆಲಕ್ಕೆ ಇಳಿಸಿಟ್ಟಿದ್ದ ಹಾಸಿಗೆ, ಬೀರು ಎಲ್ಲ ನೆನೆಸಿ, ಆಮೇಲೆ ತಿರುಗಿ ಹಜಾರಕ್ಕೆ ಬಂದಿತ್ತು. ಹಜಾರದ ಕಿಟಕಿಗೆ ಮುಖ ಮಾಡಿ ಪೇಪರು ಓದುತ್ತಿದ್ದ ಮಾವನಿಗೆ ಅಂಗಾಲು ಒದ್ದೆಯಾದ ಮೇಲೇ ಸಂಗತಿ ತಿಳಿದದ್ದು.

ಸೊಸೆ ನೇರ ಸಿಂಕಿಗೆ ಹೋಗಿ ನಲ್ಲಿ ನೋಡಿದಳು. ಮಾವ ಆಗಲೇ ನಿಲ್ಲಿಸಿದ್ದರು. ಸಿಂಕು ಇನ್ನೂ ತುಂಬಿ ತುಳುಕುತ್ತಿತ್ತು. ಕೈ ಮುಳುಗಿಸಿ ತಡಕಿದಳು. ತಳದಲ್ಲಿ ಬಟ್ಟಲು ಮಗುಚಿ ಪಕ್ಕಕ್ಕೆ ಹೊರಳಿತ್ತು. ತಟ್ಟೆ ಜಾರಿ ನೀರು ಹೋಗುವ ತೂತಿನ ಮೇಲೆ ಸರಿಯಾಗಿ ಕೂತಿತ್ತು. ನೀರು ನಿಂತಷ್ಟೂ ಅದರ ಭಾರ ತಟ್ಟೆಯನ್ನು ಇನ್ನಷ್ಟು ಬಿಗಿಯಾಗಿ ಒತ್ತಿದೆ. ಒತ್ತಿದಷ್ಟೂ ನೀರು ನಿಂತಿದೆ. ಅಂಚಿಗೆ ಉಗುರು ಸಿಕ್ಕಿಸಿ ಎಬ್ಬಿಸಿದಾಗ ಸಿಂಕು ಗೊಳಗೊಳನೆ ಬರಿದಾಯಿತು. ಅವಳು ತಟ್ಟೆಯನ್ನು ಒರೆಸಿ ಸ್ಟ್ಯಾಂಡಿನಲ್ಲಿ ಇಟ್ಟಳು. ಕೈ ತನ್ನ ರೂಢಿಯಂತೆ ಮಾಡಿದ ಕೆಲಸ ಅದು. ಮಾವ ಇದನ್ನು ನೋಡಲಿಲ್ಲ.

“ತಟ್ಟೆ ಸದ್ದೇ ಬರಲಿಲ್ಲಮ್ಮ,” ಎಂದರು ಬೆನ್ನ ಹಿಂದಿನಿಂದ, ಏದುಸಿರಿನಲ್ಲಿ. “ಬೆಳಿಗ್ಗೆ ತಟ್ಟೆ ಇಡೋಕೇ ಮರೆತಿದ್ದಾರೆ. ಇಟ್ಟಿದ್ರೆ ನನಗೆ ಕೇಳಿಸ್ತಿರಲಿಲ್ವಾ?”

ಸೊಸೆ ಬಾಯಿ ತೆರೆದಳು. ಅಷ್ಟರಲ್ಲಿ ಕೆಳಗಿನಿಂದ ಟೈಲರಮ್ಮ ಕೂಗಿದಳು. ಸೊಸೆ ಹಾಗೇ ಕೆಳಗಿಳಿದಳು.

*

ರಾತ್ರಿ ಊಟಕ್ಕೆ ಬ್ರೆಡ್ಡು, ಬೇಯಿಸಿದ ಮೊಟ್ಟೆ. ಒಲೆ ಹೊತ್ತಿಸಲು ಯಾರಿಗೂ ಕೈ ಬರಲಿಲ್ಲ. ನಾಲ್ಕು ಜನವೂ ಮಂಚದ ಬರಿ ಹಲಗೆಯ ಮೇಲೆ ಕಾಲು ಮಡಚಿ ಸಾಲಾಗಿ ಕೂತಿದ್ದರು. ಸೊಸೆಯ ಗಂಡ ಊರ ಬಸ್ಸಿನ ಚಾಲಕ. ದಿನವಿಡೀ ಅಡ್ಡ ಬರುವವರನ್ನು ಬೈಯದೆ ಹಲ್ಲು ಕಚ್ಚಿ ಓಡಿಸಿ, ಬಾಕಿ ಬೈಗುಳವನ್ನೆಲ್ಲ ಮನೆಗೆ ತರುವ ಆಸಾಮಿ.

“ಬೆಳಿಗ್ಗೆ ಕೊನೇಲಿ ಮನೆ ಬಿಟ್ಟೋರು ಯಾರು?”

“ನಾನು,” ಎಂದಳು ಮಗಳು. ಬೇಕರಿಯ ಕೌಂಟರಿನಲ್ಲಿ ನಿಲ್ಲುತ್ತ, ಸಂಜೆ ಕಾಲೇಜಿಗೆ ಹೋಗುವ ಹುಡುಗಿ. ಸಣ್ಣ ಮೈ, ಚುರುಕು ಕಣ್ಣು. ಮನೆಯಲ್ಲಿ ಎಲ್ಲರಿಗೂ ಅವಳು ಗುಬ್ಬಿ.

“ನೀನು ನಲ್ಲಿ ತೆಗೆದಿಟ್ಟೆ, ಸರಿ. ತಟ್ಟೆ?”

ಗುಬ್ಬಿ ಮೊಟ್ಟೆಯ ಸಿಪ್ಪೆ ಬಿಡಿಸುತ್ತಿದ್ದವಳು ಒಮ್ಮೆ ತಾತನ ಕಡೆ ನೋಡಿದಳು. “ಮರೆತೆ ಅಪ್ಪ.”

“ಮರೆತೆ! ಕೇಳಿದ್ಯೇನೇ? ಮರೆತಳಂತೆ! ಕೆಳಮನೆ ಸೂರು ಉಬ್ಬಿ ಹೋಗಿದೆ, ಇವಳು ಮರೆತಳಂತೆ!”

“ಹೋಗ್ಲಿ ಬಿಡೋ,” ಎಂದರು ಮಾವ, “ಮಗು ಬೇಕು ಅಂತ ಮಾಡಿದ್ದಾ? ನನಗೆ ಒಂದು ಸಣ್ಣ ಸದ್ದು ಬಂದಿದ್ರೂ ಸಾಕಿತ್ತು.”

“ನಿಮ್ಮನ್ನ ಏನೂ ಅಂತಿಲ್ಲಪ್ಪ. ಆದ್ರೆ ಅಕ್ಕ ಹೇಳೋದೂ ಸರಿ. ನಿಮ್ಮನ್ನ ಒಬ್ಬರನ್ನೇ ಬಿಟ್ಟು ನಾವು ಮೂವರೂ ಹೊರಗೆ ಹೋಗೋದು ಇನ್ಮೇಲೆ ಕಷ್ಟ. ಅವಳ ಮನೇಲಿ ಒಂದು ರೂಮೇ ಖಾಲಿ ಇದೆ.”

ಮಾವ ಬ್ರೆಡ್ಡಿನ ಅಂಚು ಕಿತ್ತು ತಟ್ಟೆಯ ಬದಿಗಿಟ್ಟರು. ಹೋದ ವರ್ಷ ತಮ್ಮ ಆ ಮಗಳ ಊರಿಗೆ ಹೋಗಿ, ಹೇಳಿದ್ದಕ್ಕಿಂತ ಬೇಗ ಹಿಂದಿರುಗಿದಾಗ ಸೊಸೆಗೆ ಅವರು ಒಂದೇ ಮಾತು ಹೇಳಿದ್ದರು: ‘ಅಲ್ಲಿ ಊಟ ಕೊಡ್ತಾರಮ್ಮ, ಕೆಲಸ ಕೊಡಲ್ಲ.’ ಇಲ್ಲಿ ಮಧ್ಯಾಹ್ನದ ಅಡುಗೆ ಅವರದು, ಗ್ಯಾಸಿನವನ ಜೊತೆ ಜಗಳ ಅವರದು, ಬಟ್ಟೆ ಒಣಹಾಕಿ ಮಡಚುವುದು ಅವರದು. ಅದನ್ನೆಲ್ಲ ಅವರು ಡ್ಯೂಟಿ ಎನ್ನುತ್ತಿದ್ದರು.

ಸೊಸೆ ಬಾಯಲ್ಲಿದ್ದ ಮೊಟ್ಟೆಯನ್ನು ಅಗಿಯುತ್ತ ಲೆಕ್ಕ ಹಾಕಿದಳು. ತಟ್ಟೆ ಇತ್ತು ಎಂದರೆ ಮಾವನ ಕಿವಿ ಹೋಗಿದೆ ಎಂದಂತೆ. ಕಿವಿ ಹೋದ ಮುದುಕರನ್ನು ಮನೆ ಕಾಯಲು ಯಾರು ಬಿಡುತ್ತಾರೆ? ನಾಳೆಯೇ ಬಟ್ಟೆ ಕಟ್ಟಬೇಕಾಗುತ್ತದೆ. ಹೇಳದಿದ್ದರೆ ಗುಬ್ಬಿಯ ತಲೆಗೆ ಕಟ್ಟಿದ್ದು ಅಲ್ಲೇ ಉಳಿಯುತ್ತದೆ. ನುಂಗಲೂ ಆಗದು, ಉಗುಳಲೂ ಆಗದು. ನೀರು ಕುಡಿದಳು.

“ಮಲಗೋದೆಲ್ಲಿ ಈಗ?” ಎಂದ ಗಂಡ.

“ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರೆ,” ಎಂದಳು ಗುಬ್ಬಿ. “ಇವತ್ತು ಎಲ್ಲರೂ ಕಾಲು ಮಡಚ್ಕೊಂಡೇ ಮಲಗಬೇಕು.”

ನಗಬಾರದೆಂದುಕೊಂಡೇ ಎಲ್ಲರೂ ನಕ್ಕರು. ಮಾವ ಒಂದು ಗಳಿಗೆ ತಡವಾಗಿ, ಉಳಿದವರ ಮುಖ ನೋಡಿ ನಕ್ಕರು. ಸೊಸೆ ಅದನ್ನು ಗಮನಿಸಿದಳು.

*

ನೀರಿನ ಖರ್ಚಿನ ಗುಣವೆಂದರೆ ಅದು ನೀರಿನಂತೆಯೇ ಬರುತ್ತದೆ. ಒಂದು ಕಡೆ ಒರೆಸಿದರೆ ಇನ್ನೊಂದು ಕಡೆ ಒಸರುತ್ತದೆ. ಮೊದಲ ವಾರ ಹಾಸಿಗೆ ಎಂದುಕೊಂಡರು. ಆಮೇಲೆ ಬೀರುವಿನ ಪ್ಲೈವುಡ್ಡು ಪದರ ಪದರವಾಗಿ ಬಿಚ್ಚಿಕೊಂಡು ಹಳೇ ಪಠ್ಯಪುಸ್ತಕದಂತಾಯಿತು. ಬಚ್ಚಲ ಬಾಗಿಲು ಊದಿ ಚೌಕಟ್ಟಿನಲ್ಲಿ ಕಚ್ಚಿಕೊಂಡು, ಒಳಗೆ ಹೋದವರು ಹೊರಗೆ ಬರಲು ಸಹಾಯ ಕೇಳುವಂತಾಯಿತು. ಗೋಡೆಯ ಬುಡದ ಪ್ಲಗ್ಗಿಗೆ ಏನೂ ಆಗಿಲ್ಲ ಎಂದುಕೊಂಡಿದ್ದಾಗ ಫ್ರಿಜ್ಜು ಒಂದು ಸಂಜೆ ಗುಡುಗಿ ಸುಮ್ಮನಾಯಿತು.

ಸೊಸೆ ಸ್ಕೂಟರಿಗೆಂದು ದುಡ್ಡು ಕೂಡಿಟ್ಟಿದ್ದಳು. ಬಸ್ಸಿಗೆ ಕಾಯುವ ಹೊತ್ತು ಉಳಿಯುತ್ತದೆ ಎಂಬ ಆಸೆ. (ಬಸ್ ಚಾಲಕನ ಹೆಂಡತಿ ಬಸ್ಸಿಗೆ ಕಾಯುವುದನ್ನು ಕಂಡು ಅಂಗಡಿಯವರು ನಗುತ್ತಿದ್ದರು.) ಈಗ ಒಂದೊಂದು ಖರ್ಚು ಬಂದಾಗಲೂ ಗುಬ್ಬಿ ಲೆಕ್ಕ ಒಪ್ಪಿಸುತ್ತಿದ್ದಳು: “ಅಮ್ಮ, ಇವತ್ತು ಮುಂದಿನ ಚಕ್ರ ಹೋಯ್ತು.” “ಫ್ರಿಜ್ಜಿಗೆ ಸೀಟು ಹೋಯ್ತು.” ಹೇಳುತ್ತಲೇ ತನ್ನ ಬೇಕರಿ ಸಂಬಳದ ಲಕೋಟೆಯನ್ನು ಅಮ್ಮ ದುಡ್ಡಿಡುವ ಡಬ್ಬದ ಕೆಳಗೆ ಸಿಕ್ಕಿಸಿ ಹೋಗುತ್ತಿದ್ದಳು. ಅವಳ ಅಪ್ಪ ಆ ಲಕೋಟೆಯನ್ನು ನೋಡಿಯೂ ಬೇಡ ಎನ್ನಲಿಲ್ಲ. ‘ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ್ರಂತೆ’ ಎಂದು ಗೊಣಗಿ, ತಾನು ರಜೆಯ ದಿನಗಳಲ್ಲೂ ಬಸ್ಸು ಹತ್ತಿದ.

ದೊಡ್ಡ ಪೆಟ್ಟು ಬಿದ್ದದ್ದು ಕೆಳಮನೆಗೆ. ಟೈಲರಮ್ಮನ ಹೊಲಿಗೆ ಕೋಣೆ ಇವರ ಅಡುಗೆಮನೆಯ ನೇರ ಕೆಳಗೆ. ಗಂಡ ಸತ್ತ ಮೇಲೆ ಎರಡು ಮಷೀನು ಇಟ್ಟುಕೊಂಡು ಬದುಕು ಕಟ್ಟಿದವಳು. ಅವಳ ನಾಲಗೆಯೂ ಕತ್ತರಿಯೂ ಒಂದೇ ಸಾಣೆ ಕಂಡವು. ಒಂದು ಶಾಲೆಯ ಅಂಗಿಗಳಿಗೆಂದು ತಂದ ಬಿಳಿ ಬಟ್ಟೆಯ ಥಾನು ಮೇಜಿನ ಮೇಲಿತ್ತು, ಅದರ ಮೇಲೆ ಕೆಂಪು ಬಟ್ಟೆಯ ಥಾನು. ನೀರು ಬಿದ್ದು ಕೆಂಪು ಬಿಳಿಗೆ ಇಳಿದಿತ್ತು.

“ಶಾಲೆಯವರಿಗೆ ಏನಂತ ಹೇಳ್ಲಿ? ಮಕ್ಕಳೆಲ್ಲ ಬಿದ್ದು ಮಂಡಿ ಒಡ್ಕೊಂಡಿದ್ದಾರೆ ಅನ್ಲಾ?”

“ಬಟ್ಟೆ ಪೂರ್ತಿ ನಾವು ತಂದ್ಕೊಡ್ತೀವಿ,” ಎಂದಳು ಸೊಸೆ.

“ತಂದ್ಕೊಡ್ತೀರಿ. ಹೊಲಿಯೋ ಟೈಮು ಯಾರು ತಂದ್ಕೊಡ್ತಾರೆ?”

“ಅದೂ ನಾನೇ. ಕಾಜ ಹಾಕೋದು, ಗುಂಡಿ ಹಚ್ಚೋದು ನನಗೆ ಬರುತ್ತೆ. ಅಂಗಡಿ ಮುಗಿಸ್ಕೊಂಡು ಬಂದು ಕೂತ್ಕೋತೀನಿ.”

ಟೈಲರಮ್ಮ ಕನ್ನಡಕದ ಮೇಲಿಂದ ನೋಡಿದಳು. ಆ ಕನ್ನಡಕವನ್ನು ಸೊಸೆಯೇ ಅಂಗಡಿಯಿಂದ ರಿಯಾಯಿತಿಯಲ್ಲಿ ಮಾಡಿಸಿಕೊಟ್ಟಿದ್ದಳು. “ಜಗಳ ಆಡೋಣ ಅಂತ ಬಾಯಿ ತೊಳ್ಕೊಂಡು ಕೂತಿದ್ದೆ,” ಎಂದಳು ಕೊನೆಗೆ, “ನೀವು ಬಿಡೋ ಹಾಗೆ ಕಾಣ್ಸಲ್ಲ. ಸರಿ, ಬನ್ನಿ. ಆದ್ರೆ ಸೂರು?”

ಸೂರು ನೋಡಲು ಬಂದ ಗಾರೆಯವನು ತಲೆ ಮೇಲೆತ್ತಿ, ಕೆಳಗಿಳಿಸಿ, “ಪೂರ್ತಿ ಕೆತ್ತಿ ಹೊಸ ಗಾರೆ ಮಾಡಬೇಕು,” ಎಂದ. ಅವನು ಹೇಳಿದ ಮೊತ್ತ ಕೇಳಿ ಗುಬ್ಬಿ ಆ ಸಂಜೆ, “ಅಮ್ಮ, ಈಗ ಹಾರ್ನ್ ಒಂದೇ ಉಳಿಯೋದು,” ಎಂದಳು.

ಆಮೇಲೆ ದಿನಾ ಸಂಜೆ ಸೊಸೆ ಆ ಹೊಲಿಗೆ ಕೋಣೆಯಲ್ಲಿ ಕೂತು, ಉಬ್ಬಿದ ಸೂರಿನ ಕೆಳಗೆ ಗುಂಡಿ ಹಚ್ಚಿದಳು. ಒಂದು ದಿನ ಟೈಲರಮ್ಮ ದಾರ ಕಚ್ಚುತ್ತ, “ಒಂದು ಮಾತು ಕೇಳ್ಲಾ?” ಎಂದಳು. “ಅವತ್ತು ನಾನು ಬಾಗಿಲು ಬಡಿದಿದ್ದು ಮೂರನೇ ಮನೆಗೆ ಕೇಳಿಸಿದೆ. ಮೇಷ್ಟ್ರು ಬಚ್ಚಲಲ್ಲಿದ್ರಂತೆ. ಬಚ್ಚಲಲ್ಲಿ ಇದ್ದೋರಿಗೆ ನೀರು ಬಂದಿದ್ದು ಗೊತ್ತಾಗಲ್ವಾ?”

“ಸೂಜಿ ಚುಚ್ತು,” ಎಂದಳು ಸೊಸೆ, ಬೆರಳು ಬಾಯಿಗಿಟ್ಟುಕೊಂಡು.

*

ಕನ್ನಡಕದ ಅಂಗಡಿಯಲ್ಲಿ ಅವಳು ದಿನಾ ನೋಡುವ ನೋಟವೊಂದಿದೆ. ಕಣ್ಣು ಮಂಜಾದವರು ತಮ್ಮ ಸರದಿಗೆ ಮೊದಲೇ ಬಂದು ಕೂತು, ಬೇರೆಯವರು ಅಕ್ಷರ ಓದುವುದನ್ನು ಕೇಳಿ ಬಾಯಿಪಾಠ ಮಾಡಿಬಿಡುತ್ತಾರೆ. ಸರದಿ ಬಂದಾಗ ಗಡಗಡ ಒಪ್ಪಿಸುತ್ತಾರೆ. ಅವಳು ಸುಮ್ಮನೆ ಹಲಗೆ ತಿರುಗಿಸಿ, ‘ಈಗ ಕೆಳಗಿನಿಂದ ಓದಿ’ ಎನ್ನುತ್ತಾಳೆ. ಅವರು ಯಾರಿಗೂ ಮೋಸ ಮಾಡಲು ಬಂದವರಲ್ಲ; ತಮಗೇ ತಾವು ಧೈರ್ಯ ಹೇಳಿಕೊಳ್ಳುತ್ತಿರುತ್ತಾರೆ, ಅಷ್ಟೆ.

ಒಂದು ಭಾನುವಾರ ಮಾವ ಹಜಾರದಲ್ಲಿ ಬಟ್ಟೆ ಮಡಚುತ್ತಿದ್ದರು. ಸೊಸೆ ಅವರ ಬೆನ್ನ ಹಿಂದೆ ನಿಂತು, ಕೈಯಲ್ಲಿದ್ದ ಚಮಚ ಬಿಟ್ಟಳು. ಅದು ನೆಲಕ್ಕೆ ಬಿದ್ದು ಎರಡು ಸಲ ಪುಟಿಯಿತು. ಮಾವ ಅಂಗಿಯ ತೋಳನ್ನು ಒಳಗೆ ಮಡಚಿ, ಕಾಲರು ಸರಿಮಾಡಿ, ಮೇಲಿಟ್ಟರು. ಸೌಟು ಬಿಟ್ಟಳು. ಮಾವ ಮುಂದಿನ ಅಂಗಿ ಎತ್ತಿಕೊಂಡರು. ಅವಳು ಬಗ್ಗಿ ಎರಡನ್ನೂ ಎತ್ತಿಕೊಂಡಾಗ, ಬಚ್ಚಲ ಬಾಗಿಲಲ್ಲಿ ಗುಬ್ಬಿ ಕೈಕಟ್ಟಿ ನಿಂತು ನೋಡುತ್ತಿದ್ದಳು.

“ಮೇಲೆ ಬಾ,” ಎಂದಳು ಸೊಸೆ.

ತಾರಸಿಯ ಮೇಲೆ ಹಾಸಿಗೆ ಇನ್ನೂ ಒಣಗುತ್ತಲೇ ಇತ್ತು. ಹೊರಗೆ ಒಣಗಿದಂತೆ ಕಂಡರೂ ಅದುಮಿದರೆ ಒಳಗಿನ ತೇವ ಅಂಗೈಗೆ ಬರುತ್ತಿತ್ತು. ಇಬ್ಬರೂ ಅದನ್ನು ಮಗುಚಿ ಹಾಕಿದರು.

“ಎಷ್ಟು ದಿನದಿಂದ ಗೊತ್ತು ನಿನಗೆ?”

“ಏನು?”

“ಗುಬ್ಬಿ.”

“ಚಳಿಗಾಲದಿಂದ. ತಾತ ನನ್ನ ಮಾತಿಗೆ ಉತ್ತರ ಕೊಡೋ ಮುಂಚೆ ನನ್ನ ಬಾಯಿ ನೋಡ್ತಾರೆ. ನೋಡೋಕಾಗದಿದ್ರೆ ತಾವೇ ಮಾತಾಡ್ತಾ ಹೋಗ್ತಾರೆ, ನಾವು ಏನೂ ಕೇಳದ ಹಾಗೆ.”

“ನೀನು ತಟ್ಟೆ ಇಟ್ಟಿದ್ದೆ.”

“ಇಟ್ಟಿದ್ದೆ.”

“ಮತ್ತೆ ಯಾಕೆ ಇಲ್ಲ ಅಂದೆ? ಮಾಡದ ತಪ್ಪನ್ನ ತಲೆ ಮೇಲೆ ಹಾಕ್ಕೊಂಡು, ಸಂಬಳ ತಂದು ಡಬ್ಬದ ಕೆಳಗಿಡೋಕೆ ನೀನೇನು ದೊಡ್ಡ ತ್ಯಾಗಮಯಿನಾ?”

“ಕೇಳಿಸಲ್ಲ ಅಂತ ಗೊತ್ತಿದ್ದೂ ನಲ್ಲಿ ತೆಗೆದಿಟ್ಟು ಹೋದೆನಲ್ಲಮ್ಮ. ಮಾಡದ ತಪ್ಪು ಹೇಗಾಗುತ್ತೆ?” ಹುಡುಗಿಯ ದನಿ ಒರಟಾಯಿತು. “ಹೇಳಿದ್ರೆ ಅಪ್ಪ ತಾತನ್ನ ಅತ್ತೆ ಮನೆಗೆ ಕಳಿಸ್ತಾರೆ. ಅಲ್ಲಿ ಅವರು ಟಿವಿ ಮುಂದೆ ಕೂತು ಬೇಗ ಮುದುಕರಾಗಿಬಿಡ್ತಾರೆ.”

“ಆದ್ರೂ ಸುಳ್ಳು ಸುಳ್ಳೇ.”

“ನೀವು ತಟ್ಟೆ ಎತ್ತಿ ಸ್ಟ್ಯಾಂಡಲ್ಲಿಟ್ಟು ಸುಮ್ಮನಾದ್ರಲ್ಲ, ಅದೇನು ಸತ್ಯಾನಾ?”

ಸೊಸೆಗೆ ಕೋಪ ಬಂತು. ಅದರ ಬೆನ್ನಿಗೇ, ಈ ಇಷ್ಟುದ್ದದ ಹುಡುಗಿ ಇಷ್ಟು ದಿನ ಅಪ್ಪನ ಬೈಗುಳವನ್ನು ಒಂದು ಮಾತು ತಿರುಗಿಸದೆ ಹೊತ್ತಳಲ್ಲ ಎಂಬ ಬೆರಗೂ ಬಂತು. ಹಾಸಿಗೆಯ ಮೂಲೆಯನ್ನು ಬಡಿದು ಸರಿಮಾಡಿದಳು.

“ಇನ್ನು ಆ ಲಕೋಟೆ ಇಡಬೇಡ,” ಎಂದಳು.

“ಸೂರು ಮುಗೀಲಿ.”

*

ಸೂರು ಕೆತ್ತುವ ದಿನ ಮಾವ ಬಾಗಿಲ ಹಿಂದಿನಿಂದ ಸುತ್ತಿಗೆ ತೆಗೆದರು.

“ಪೂರ್ತಿ ಯಾಕೆ ಕೆತ್ತಬೇಕು? ಬಡಿದು ನೋಡಿದ್ರೆ ಎಲ್ಲಿ ಗಟ್ಟಿ, ಎಲ್ಲಿ ಟೊಳ್ಳು ಅಂತ ಗೊತ್ತಾಗುತ್ತೆ. ಟೊಳ್ಳಾಗಿರೋದನ್ನಷ್ಟೇ ತೆಗೀಲಿ. ಗುಬ್ಬಿ ದುಡ್ಡು ಅಷ್ಟಾದ್ರೂ ಉಳೀಲಿ. ನಾನಿರೋದು ಮತ್ಯಾಕೆ?”

ಸೊಸೆ ಗುಬ್ಬಿಯ ಮುಖ ನೋಡಿದಳು. ಗುಬ್ಬಿ ನೆಲ ನೋಡಿದಳು. ಗಂಡ, “ಹೂಂ, ನೋಡಿ ಅಪ್ಪ, ಅದೂ ಆಗ್ಲಿ,” ಎಂದ.

ಗಾರೆಯವನಿಗೆ ಬೇಸರವೇನೂ ಆಗಲಿಲ್ಲ. “ಬಡಿದು ನೋಡೋದು ಸರೀನೇ ಸ್ವಾಮಿ. ನಾನು ಪೂರ್ತಿ ಅಂದಿದ್ದು ಯಾಕಂದ್ರೆ, ಎಲ್ಲಾದ್ರೂ ಟೊಳ್ಳು ಉಳಿದು ನಾಳೆ ಬಿದ್ರೆ ಬರೋದು ನನ್ನ ತಲೆಗೆ. ನೀವು ಜವಾಬ್ದಾರಿ ತಗೋತೀರಿ ಅಂದ್ರೆ ನಾನು ಸೀಮೆಸುಣ್ಣ ಹಿಡ್ಕೋತೀನಿ,” ಎಂದ.

ಮಷೀನುಗಳನ್ನು ಮೂಲೆಗೆ ತಳ್ಳಿ, ಕತ್ತರಿಸುವ ಮೇಜಿನ ಮೇಲೆ ಮಾವನನ್ನು ಹತ್ತಿಸಿದರು. ಅವರು ಪಂಚೆ ಬಿಗಿಮಾಡಿ, ಸುತ್ತಿಗೆಯ ಹಿಡಿಯನ್ನು ಹಗುರವಾಗಿ ಹಿಡಿದು ನಿಂತ ಭಂಗಿಯಲ್ಲಿ ಹಳೆಯ ಗತ್ತೊಂದು ಮರಳಿತು, ಬೆನ್ನು ನೆಟ್ಟಗಾಯಿತು. ಟಕ್. ತಲೆ ಓರೆ ಮಾಡಿದರು. ಟಕ್, ಟಕ್. “ಗಟ್ಟಿ,” ಎಂದರು. ಗಾರೆಯವನು ಹೌದೆಂದು ತಲೆ ಹಾಕಿದ. ಒಂದು ಮೊಳ ಸರಿದರು. ಡಬ್.

“ಗಟ್ಟಿ.”

ಗಾರೆಯವನು ಸೀಮೆಸುಣ್ಣ ಎತ್ತಿದವನು ಕೈ ಅಲ್ಲೇ ನಿಲ್ಲಿಸಿದ. ಟೈಲರಮ್ಮ ಕತ್ತು ಚಾಚಿದಳು. “ಇದು ಟೊಳ್ಳು ಅಂತ ನನಗೇ ಕೇಳಿಸ್ತಲ್ಲ ಮೇಷ್ಟ್ರೇ?”

ಮಾವ ಅವಳ ಬಾಯಿ ನೋಡಿದರು. ಮತ್ತೆ ಬಡಿದರು. ಡಬ್. ತಲೆಯನ್ನು ಇನ್ನೊಂದು ಪಕ್ಕಕ್ಕೆ ಓರೆ ಮಾಡಿದರು. ಹಿಂದೆ ಸರಿದು ಮೊದಲ ಜಾಗ ಬಡಿದರು. ಮುಂದೆ ಬಂದು ಎರಡನೆಯದನ್ನು ಬಡಿದರು. ಕೋಣೆಯಲ್ಲಿದ್ದ ಎಲ್ಲರಿಗೂ ಎರಡು ಬೇರೆ ಸದ್ದು. ಮೇಜಿನ ಮೇಲೆ ನಿಂತವರ ಮುಖದಲ್ಲಿ ಒಂದೇ.

ಮಾವ ಸುತ್ತಿಗೆ ಇಳಿಸಿದರು. ಅದರ ತಲೆಯನ್ನು ಹೆಬ್ಬೆರಳಿನಿಂದ ಒಮ್ಮೆ ಸವರಿದರು, ಅದರಲ್ಲೇ ಏನಾದರೂ ದೋಷವಿದೆಯೇನೋ ಎಂಬಂತೆ.

“ಗುಬ್ಬಿ,” ಎಂದರು. “ಅವತ್ತು ತಟ್ಟೆ ಇಟ್ಟಿದ್ದೆ ಅಲ್ವಾ?”

“ಇಲ್ಲ ತಾತ. ಮರೆತಿದ್ದೆ.”

“ನನ್ನ ಕಡೆ ತಿರುಗಿ ಹೇಳು. ನಿನ್ನ ಬಾಯಿ ಕಾಣ್ಬೇಕು.”

ಹುಡುಗಿ ತಿರುಗಿದಳು. ಬಾಯಿ ತೆರೆದವಳು ಅದನ್ನು ಅಂಗೈಯಿಂದ ಮುಚ್ಚಿಕೊಂಡಳು. ಮಾವ ಸೊಸೆಯ ಕಡೆ ನೋಡಿದರು.

“ನೀನು ಮೊದಲು ಸಿಂಕಿಗೆ ಕೈ ಹಾಕಿದೋಳು. ಹೇಳಮ್ಮ.”

ಗಂಡ ನೋಡುತ್ತಿದ್ದ, ಟೈಲರಮ್ಮ, ಗಾರೆಯವನು, ಎಲ್ಲರೂ. ಇಷ್ಟು ಜನರ ಮುಂದೆ ಬೇಡ, ಮನೆಗೆ ಹೋಗಿ ಹೇಳುತ್ತೇನೆ ಎನ್ನಬಹುದಿತ್ತು. ಆದರೆ ಕೇಳಿದವರು ಇಷ್ಟು ಜನರ ಮುಂದೆಯೇ ಕೇಳಿದ್ದರು. ಅವಳು ಅವರಿಗೆ ಕಾಣುವಂತೆ ಮುಖವೆತ್ತಿ, ನಿಧಾನವಾಗಿ ಹೇಳಿದಳು:

“ಇತ್ತು ಮಾವ. ತೂತಿನ ಮೇಲೆ ಕೂತಿತ್ತು. ಗುಬ್ಬಿ ಸರಿಯಾಗೇ ಇಟ್ಟಿದ್ಲು.”

ಮಾವ ತಲೆಯಾಡಿಸಿದರು. ಒಂದು ಕೈಯನ್ನು ಸೂರಿಗೆ ಊರಿ ನಿಂತರು.

“ಎಲ್ಲರೂ ಕೇಳಿ. ನನ್ನ ಕಿವಿ ಹೋಗಿದೆ. ಇವತ್ತು ಹೋಗಿದ್ದಲ್ಲ. ಅಷ್ಟಿಷ್ಟು ಅನುಮಾನ ಇತ್ತು, ಜನ ಈಗೀಗ ಮೆಲ್ಲಗೆ ಮಾತಾಡ್ತಾರೆ ಅಂತ ನನಗೆ ನಾನೇ ಹೇಳ್ಕೊಳ್ತಿದ್ದೆ. ತಟ್ಟೆ ಬಡೀತು, ಇವರು ಬಾಗಿಲು ಬಡಿದ್ರು, ಎರಡೂ ನನಗೆ ಕೇಳಿಸ್ಲಿಲ್ಲ. ಬಚ್ಚಲಲ್ಲಿದ್ದೆ ಅಂದಿದ್ದು ಸುಳ್ಳು. ಈ ಸೂರು ಹಾಳಾಗಿದ್ದು ನನ್ನಿಂದ.” ಮಗನ ಕಡೆ ತಿರುಗಿದರು. “ಮೊಮ್ಮಗಳನ್ನ ಬೈದಿದ್ದೆಲ್ಲ ನನಗೆ ಬರಬೇಕಾದ್ದು. ಈಗ ಬೈಯೋದಿದ್ರೆ ಬೈದುಬಿಡು. ಸ್ವಲ್ಪ ಜೋರಾಗಿ ಬೈ.”

ಗಂಡ ಮೊದಲು ಗುಬ್ಬಿಯನ್ನು ನೋಡಿದ, ಆಮೇಲೆ ಹೆಂಡತಿಯನ್ನು. ಬೈಯಲು ಬಾಯಿ ತೆರೆದವನು ಯಾರಿಂದ ಶುರುಮಾಡಬೇಕೆಂದು ತಿಳಿಯದೆ, “ಈ ಮನೇಲಿ ನನಗೊಬ್ಬನಿಗೆ ಬಿಟ್ಟು ಎಲ್ಲರಿಗೂ ಗೊತ್ತಿತ್ತಾ?” ಎಂದ.

“ನನಗೆ ಗೊತ್ತಿರಲಿಲ್ಲಪ್ಪ,” ಎಂದ ಗಾರೆಯವನು.

ಟೈಲರಮ್ಮ ಸೆರಗು ಬಾಯಿಗೊತ್ತಿ ನಕ್ಕಳು. ನಗು ನಿಲ್ಲಿಸಿ ಕಣ್ಣೊರೆಸಿಕೊಂಡಳು. “ಇಳೀರಿ ಮೇಷ್ಟ್ರೇ, ಬಿದ್ದೀರಿ.”

“ಯಾಕೆ ಇಳೀಲಿ? ಕಿವಿ ಹೋಗಿದೆ, ಕೈ ಇದೆ.” ಅವರು ಗುಬ್ಬಿಗೆ ಕೈ ಚಾಚಿದರು. “ಬಾ ಮೇಲೆ. ನಾನು ಬಡೀತೀನಿ, ನೀನು ಕೇಳು. ಗಂಟೆ ಹಾಗೆ ಬಂದ್ರೆ ಗಟ್ಟಿ. ಒಡೆದ ಮಡಕೆ ಹಾಗೆ ಬಂದ್ರೆ ಟೊಳ್ಳು. ಅನುಮಾನ ಬಂದ್ರೆ ಟೊಳ್ಳು ಅಂತಲೇ ಹೇಳು. ಗಾಡಿಲಿ ಜನ ಇರ್ತಾರೆ.”

ಮೇಜಿನ ಮೇಲೆ ಇಬ್ಬರೂ ನಿಂತರು. ಟಕ್. ಗಟ್ಟಿ. ಡಬ್. ಟೊಳ್ಳು. ಮಾವ ಪ್ರತಿ ಏಟಿಗೂ ಮೊಮ್ಮಗಳ ತುಟಿ ನೋಡಿ ಮುಂದೆ ಸರಿದರು. ಗಾರೆಯವನ ಸೀಮೆಸುಣ್ಣದ ಗೆರೆ ಸೂರಿನ ಮೇಲೆ ತಿರುಗುತ್ತ ಬಂದು ಮುಚ್ಚಿಕೊಂಡಾಗ ಅರ್ಧಕ್ಕಿಂತ ಸ್ವಲ್ಪ ಕಡಿಮೆ ಜಾಗ ಒಳಗಿತ್ತು. ಉಳಿತಾಯ ಬಹಳವೇನಲ್ಲ. ಆದರೆ ಸೊಸೆ ಅವತ್ತು ನೋಡುತ್ತ ನಿಂತಿದ್ದು ಅದನ್ನಲ್ಲ. ತನ್ನ ಬದುಕಿನ ಹೆಮ್ಮೆಯನ್ನು ನೆರೆಹೊರೆಯವರೆದುರು ಕಳಚಿಟ್ಟ ಮನುಷ್ಯ, ಮರುಗಳಿಗೆಯಲ್ಲೇ ಕೆಲಸಕ್ಕೆ ಕೈ ಹಚ್ಚಿದ್ದನ್ನು.

*

ಗಂಡನ ಅಕ್ಕನ ಫೋನು ಆ ವಾರವೇ ಬಂತು. ಊಟದ ನಡುವೆ ಗಂಡ ಮಾತು ತೆಗೆದ. ಈಗ ಅವನು ಅಪ್ಪನಿಗೆ ಕಾಣುವಂತೆ ಎದುರಿಗೆ ಕೂರುವುದನ್ನು ಕಲಿತಿದ್ದ.

“ಅಕ್ಕ ಬಂದು ಕರ್ಕೊಂಡು ಹೋಗ್ತೀನಿ ಅಂತಿದ್ದಾಳೆ.”

“ನಿಮಗೆ ಸರಿ ಅನ್ಸಿದ್ರೆ ಹೋಗ್ತೀನಿ,” ಎಂದರು ಮಾವ. “ಕಿವುಡನ್ನ ಕಾವಲಿಗಿಡೋದು ನಾನಾಗಿದ್ರೂ ಒಪ್ತಿರಲಿಲ್ಲ.”

“ನಾನು ಒಪ್ತೀನಿ,” ಎಂದಳು ಸೊಸೆ. “ಮಧ್ಯಾಹ್ನದ ಅಡುಗೆ ಕಿವಿಯಿಂದ ಮಾಡ್ತಾರಾ? ಕಣ್ಣು ಮಂಜಾದೋರು ದಿನಾ ನನ್ನ ಅಂಗಡಿಗೆ ಬರ್ತಾರೆ. ಅವರಿಗೆಲ್ಲ ಕನ್ನಡಕ ಕೊಟ್ಟು ಮನೆಗೆ ಕಳಿಸ್ತೀನಿ. ಮನೆ ಬಿಟ್ಟು ಹೋಗಿ ಅಂತ ಯಾರಿಗೂ ಹೇಳಿಲ್ಲ.”

“ಮತ್ತೆ ನೀರು ಬಂದ್ರೆ?” ಎಂದ ಗಂಡ. ಅದು ಜಗಳದ ಪ್ರಶ್ನೆಯಲ್ಲ, ನಿಜವಾದ ಪ್ರಶ್ನೆ.

ಉತ್ತರ ಮಾವನ ಬಳಿ ಇತ್ತು. ಮರುದಿನದಿಂದ ಅವರು ಯಾರಿಗೂ ಏನೂ ಹೇಳದೆ ಕೆಲಸ ಹಿಡಿದರು. ಹಾಳಾದ ಬೀರುವಿನಿಂದ ನೆಟ್ಟಗಿದ್ದ ಒಂದು ಪಟ್ಟಿ ಸೀಳಿಕೊಂಡರು. ಟೈಲರಮ್ಮನಿಂದ ಖಾಲಿ ದಾರದ ಉರುಳೆಗಳನ್ನು ಕೇಳಿ ತಂದು ಗೋಡೆಗೆ ಮೊಳೆ ಹೊಡೆದು ಕೂರಿಸಿದರು. ಅವುಗಳ ಮೇಲೆ ಅಡುಗೆಮನೆಯಿಂದ ಹಜಾರದವರೆಗೆ ಗಟ್ಟಿ ನೂಲು ಹಾಯಿಸಿದರು. ನೂಲಿನ ಆ ತುದಿಗೆ ಸ್ವಲ್ಪ ಮರಳು ತುಂಬಿದ ಬಾಟಲಿ, ನಲ್ಲಿಯ ಕೆಳಗಿನ ಬಕೆಟ್ಟಿನೊಳಗೆ ತೂಗುವಂತೆ. ಈ ತುದಿಗೆ, ತಮ್ಮ ಕುರ್ಚಿಯ ಎದುರಿನ ಗೋಡೆಯಲ್ಲಿ, ಆ ಮರದ ಪಟ್ಟಿ. ಬಾಟಲಿಯ ಭಾರ ಪಟ್ಟಿಯನ್ನು ಅಡ್ಡಕ್ಕೆ ಎತ್ತಿ ಹಿಡಿಯುತ್ತಿತ್ತು. ಬಕೆಟ್ಟಿಗೆ ನೀರು ಬಿದ್ದು ಬಾಟಲಿ ತೇಲಿದರೆ ನೂಲು ಸಡಿಲಾಗಿ ಪಟ್ಟಿ ಕೆಳಕ್ಕೆ ವಾಲುತ್ತಿತ್ತು. ಥೇಟ್ ರೈಲಿನ ಕೈಮರ, ಗಾಡಿ ಬರುವಾಗ ಕೈ ಇಳಿಸುವ ಹಳೇ ಸಿಗ್ನಲ್ಲು. ಬಣ್ಣಕ್ಕೆಂದು ಟೈಲರಮ್ಮ ಅದೇ ಕೆಂಪು ಥಾನಿನ ಒಂದು ತುಂಡು ಕೊಟ್ಟಳು: “ಇದೇ ಅಲ್ವಾ ನನ್ನ ಹೊಟ್ಟೆ ಉರಿಸಿದ್ದು, ನಿಮಗಾದ್ರೂ ಉಪಯೋಗಕ್ಕೆ ಬರ್ಲಿ.”

ಸೊಸೆ ಸಿಂಕಿನ ತಟ್ಟೆಯನ್ನು ಊಟದ ತಟ್ಟೆಗಳ ಜೊತೆ ಸೇರಿಸಿದಳು. ಹಾರ್ನಿನ ದುಡ್ಡಲ್ಲಿ ಕಿವಿ ಡಾಕ್ಟರಿಗೆ ತೋರಿಸುವುದೆಂದು ಗುಬ್ಬಿ ಹೇಳಿದಳು. “ನೋಡೋಣ,” ಎಂದರು ಮಾವ, “ಮೊದಲು ಇದು ಕೆಲಸ ಮಾಡುತ್ತಾ ನೋಡೋಣ.”

ಕೈಮರ ಹಜಾರದಲ್ಲಿ, ಬಾಗಿಲಿಗೆ ಎದುರಾಗಿ ಇತ್ತು. ಮನೆಗೆ ಬಂದವರು ಮೊದಲು ನೋಡುತ್ತಿದ್ದುದು ಅದನ್ನೇ. ಅಡುಗೆಮನೆಯ ಒಳಗೇ ಎಲ್ಲಾದರೂ ಕಾಣದಂತೆ ಮಾಡಬಹುದಿತ್ತಲ್ಲ ಎಂದು ಗಂಡ ಅಂದಾಗ ಮಾವ, “ಸಿಗ್ನಲ್‌ನ ಬಚ್ಚಿಟ್ಟು ಯಾರು ಗಾಡಿ ಓಡಿಸ್ತಾರೋ?” ಎಂದಿದ್ದರು.

ಸೊಸೆಗೆ ರಜೆಯಿದ್ದ ಒಂದು ಬೆಳಿಗ್ಗೆ. ಅವಳು ಹಜಾರದ ಕುರ್ಚಿಯಲ್ಲಿ ಕಾಲು ಮಡಚಿ ಕೂತಿದ್ದಳು. 

ವಿದ್ಯುತ್ ಮೀಟರು ಓದುವವನು ಬಂದ. ಹೊಸಬ. ಚೀಟಿ ಹರಿದು ಕೊಡುತ್ತ ಗೋಡೆ ನೋಡಿ, “ಇದೇನು ಯಜಮಾನ್ರೇ, ಮೊಮ್ಮಕ್ಕಳ ಆಟದ ಸಾಮಾನಾ?” ಎಂದ.

ಮಾವ ಅವನ ಬಾಯಿಯನ್ನು ಪೂರ್ತಿ ನೋಡಿ ಮುಗಿಸಿದರು. “ಅಲ್ಲ. ನನಗೆ ಕಿವಿ ಕೇಳಿಸಲ್ಲ. ನೀರು ಬಂದ್ರೆ ಇದು ಹೇಳುತ್ತೆ,” ಎಂದರು, ತರಕಾರಿಯ ದರ ಹೇಳಿದಷ್ಟು ಸಲೀಸಾಗಿ.

“ಓಹೋ! ಹೇಗೆ ಹೇಳುತ್ತೆ?”

ಮಾವ ವಿವರಿಸತೊಡಗಿದರು. ಬಾಟಲಿ, ಮರಳು, ಉರುಳೆ. ಅವನ ಕಡೆಗೇ ತಿರುಗಿ, ಗೋಡೆಗೆ ಬೆನ್ನು ಮಾಡಿ. ಆಗ ಅಡುಗೆಮನೆಯಲ್ಲಿ ನಲ್ಲಿ ಒಮ್ಮೆ ಕೆಮ್ಮಿತು. ಬಕೆಟ್ಟಿನ ತಳಕ್ಕೆ ನೀರು ಬಿದ್ದ ಸದ್ದು ಸೊಸೆಗೆ ಕೇಳಿತು. ಅವಳ ಕಾಲು ತಾನಾಗಿ ನೆಲಕ್ಕೆ ಊರಿತು, ಇಷ್ಟು ವರ್ಷದ ರೂಢಿ. ನೂಲು ನಡುಗಿತು. ಕೆಂಪು ಪಟ್ಟಿ ಮೆಲ್ಲಗೆ, ಒಂದು ಬೆರಳು, ಎರಡು ಬೆರಳು ವಾಲಿ, ಪೂರ್ತಿ ಕೆಳಗಿಳಿದು ನಿಂತಿತು. ಮಾವ ಇನ್ನೂ ಉರುಳೆಯ ವಿಷಯ ಹೇಳುತ್ತಿದ್ದರು.

ಅವಳು ಕುರ್ಚಿಯ ಕೈ ಹಿಡಿದು ಕೂತೇ ಇದ್ದಳು.

“...ಹೀಗೆ ಬಾಟಲಿ ಮೇಲೆದ್ರೆ ಇದು ಕೆಳಗೆ,” ಎನ್ನುತ್ತ ತೋರಿಸಲು ಮಾವ ಗೋಡೆಯ ಕಡೆ ತಿರುಗಿದರು. ನೋಡಿದರು. ಮುಖ ಅರಳಿತು.

“ಗಾಡಿ ಬಂತು! ಸ್ವಲ್ಪ ಇರಪ್ಪ,” ಎಂದು ಪಂಚೆ ಎತ್ತಿ ಕಟ್ಟಿ ಒಳಗೆ ನಡೆದರು. ಪೈಪು ಸಿಕ್ಕಿಸುವ ಸದ್ದು, ಡ್ರಮ್ಮಿಗೆ ನೀರು ಬೀಳುವ ಸದ್ದು ಕೇಳಿ ಬಂತು.

ಸೊಸೆ ಏಳಲಿಲ್ಲ.